ಪ್ರಶ್ನೆಯಿಂದ ಉತ್ತರದವರೆಗಿನ ದಾರಿ

ಗದಗ-ಬೆಟಗೇರಿಯ ಒಂದೇ ಓಣಿಯ ನಾಲ್ವರು ವಿದ್ಯಾರ್ಥಿಗಳು ನಾಲ್ಕು ವಿಶ್ವವಿದ್ಯಾಲಯಗಳಿಗೆ ಸೇರಿದವರಾಗಿರಬಹುದು. ಬಿ.ಎ., ಬಿ.ಕಾಂ. ಓದುವವರ ಕಾಲೇಜು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಎಂಜಿನಿಯರಿಂಗ್ ಓದುವವರು, ಅವರ ಕಾಲೇಜು ಗದಗದಲ್ಲಿರಲಿ ಲಕ್ಷ್ಮೇಶ್ವರದಲ್ಲಿರಲಿ, ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದವರು. ಗದಗದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಓದುವವರು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದವರು. ಇನ್ನು 2016ರ ಕಾಯ್ದೆಯಿಂದ ಹುಟ್ಟಿದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಂತೂ ಗದಗದಲ್ಲೇ ಇದೆ. ಈ ನಾಲ್ವರಿಗೂ ಡಿಜಿಟಲ್ ಗ್ರಂಥಾಲಯ ಉಂಟು, ಆದರೆ ಒಬ್ಬರದು ಇನ್ನೊಬ್ಬರದಲ್ಲ. ವೈದ್ಯ ವಿದ್ಯಾರ್ಥಿಗೆ 2003ರಲ್ಲಿ ಆರಂಭವಾದ ಹೆಲಿನೆಟ್ ಜಾಲವಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗೆ ವಿಶ್ವೇಶ್ವರಯ್ಯ ವಿಶ್ವವಿದ್ಯಾಲಯದ (ವಿಟಿಯು) ಒಕ್ಕೂಟ ಕೊಡುವ ಇ-ಸಂಪನ್ಮೂಲಗಳಿವೆ. ಪದವಿ ಕಾಲೇಜಿನವರಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ 2010ರಿಂದ ನಡೆಸುತ್ತಿರುವ ಎನ್-ಲಿಸ್ಟ್ ಇದೆ. ಇವುಗಳ ಮೇಲೆ 2025ರ ಜನವರಿಯಿಂದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯೂ ಬಂದಿದೆ. ಇಷ್ಟೆಲ್ಲ ಇರುವಾಗ ಸಹಜವಾಗಿ ಏಳುವ ಪ್ರಶ್ನೆ, ಈ ಸೇವೆಗಳ ಗುಣಮಟ್ಟ ಹೇಗಿದೆ ಎನ್ನುವುದು. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಗುಣಮಟ್ಟವನ್ನು ಅಳೆಯುವುದು ಹೇಗೆ ಎನ್ನುವುದು. ಅಳೆಯುವ ಕೋಲೇ ತಪ್ಪಿದ್ದರೆ ಎಷ್ಟು ಶ್ರದ್ಧೆಯಿಂದ ಅಳೆದರೂ ಫಲವಿಲ್ಲ.

ಸದ್ಯ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಕೋಲು ದಾಸ್ತಾನಿನ ಲೆಕ್ಕ. ಎನ್-ಲಿಸ್ಟ್ ತನ್ನ ಬಗ್ಗೆ ಹೇಳಿಕೊಂಡು ಬಂದಿರುವುದು 6,000ಕ್ಕೂ ಹೆಚ್ಚು ಇ-ಜರ್ನಲ್ ಮತ್ತು 1,99,500ಕ್ಕೂ ಹೆಚ್ಚು ಇ-ಪುಸ್ತಕಗಳ ಲೆಕ್ಕವನ್ನು. ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ ಪ್ರಕಟವಾದ ಅಂಕಿಗಳು ಇನ್ನೂ ದೊಡ್ಡವು: 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳು, 1.8 ಕೋಟಿಯಷ್ಟು ವಿದ್ಯಾರ್ಥಿ-ಅಧ್ಯಾಪಕರು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಕೂಡ ಗ್ರಂಥಾಲಯದ ವಿಷಯದಲ್ಲಿ ಮುಖ್ಯವಾಗಿ ಕೇಳುತ್ತ ಬಂದದ್ದು ಇಂಥದ್ದನ್ನೇ: ಯಾವ ಯಾವ ಇ-ಸಂಪನ್ಮೂಲಕ್ಕೆ ಚಂದಾ ಕಟ್ಟಿದ್ದೀರಿ, ವರ್ಷಕ್ಕೆ ಎಷ್ಟು ಖರ್ಚು ಮಾಡಿದ್ದೀರಿ, ದಿನಕ್ಕೆ ಎಷ್ಟು ಮಂದಿ ಬಳಸಿದ್ದಾರೆ. ಇವು ಸುಳ್ಳು ಲೆಕ್ಕಗಳಲ್ಲ, ಬೇಡದ ಲೆಕ್ಕಗಳೂ ಅಲ್ಲ. ಆದರೆ ಗದಗ-ಬೆಟಗೇರಿಯ ಜನ ಕುಡಿಯುವ ನೀರಿನ ಸೇವೆಯನ್ನು ತುಂಗಭದ್ರೆಯ ಹಮ್ಮಿಗಿ ಬ್ಯಾರೇಜಿನಲ್ಲಿ ಎಷ್ಟು ನೀರು ನಿಂತಿದೆ ಎಂಬುದರಿಂದ ಅಳೆಯುವುದಿಲ್ಲ. ಮನೆಯ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ಬಂತು, ಎಷ್ಟು ಕೊಡ ತುಂಬಿತು ಎಂಬುದರಿಂದ ಅಳೆಯುತ್ತಾರೆ. ಬ್ಯಾರೇಜಿನ ಲೆಕ್ಕ ಎಂಜಿನಿಯರಿಗೆ ಬೇಕು. ಸೇವೆಯ ಲೆಕ್ಕ ಸಿಗುವುದು ನಲ್ಲಿಯಲ್ಲಿ. ಡಿಜಿಟಲ್ ಗ್ರಂಥಾಲಯದ ಗುಣಮಟ್ಟವನ್ನೂ ಓದುಗರ ಪ್ರಶ್ನೆ ಉತ್ತರದವರೆಗೆ ಮುಟ್ಟಿತೇ, ಮುಟ್ಟದಿದ್ದರೆ ದಾರಿಯಲ್ಲಿ ಎಲ್ಲಿ ನಿಂತಿತು ಎಂಬುದರಿಂದಲೇ ಅಳೆಯಬೇಕು ಎಂಬುದು ಈ ಅಧ್ಯಾಯದ ವಾದ.

ದಾಸ್ತಾನಿನ ಲೆಕ್ಕ ಸಾಲದು ಎಂಬುದನ್ನು ಗ್ರಂಥಾಲಯ ವಿಜ್ಞಾನ ಬಹಳ ಹಿಂದೆಯೇ ಕಂಡುಕೊಂಡಿತ್ತು. ಅದಕ್ಕೆ ಪರ್ಯಾಯವಾಗಿ ಬಂದದ್ದು ಬಳಕೆದಾರರನ್ನೇ ಕೇಳುವ ವಿಧಾನ. ಪರಶುರಾಮನ್, ಜೈತಮಲ್ ಮತ್ತು ಬೆರಿ ಎಂಬ ಮೂವರು ಮಾರುಕಟ್ಟೆ ತಜ್ಞರು 1988ರಲ್ಲಿ ಸರ್ವ್‌ಕ್ವಾಲ್ ಎಂಬ 22 ಅಂಶಗಳ ಪ್ರಶ್ನಾವಳಿಯನ್ನು ರೂಪಿಸಿದರು. ಗ್ರಾಹಕನ ನಿರೀಕ್ಷೆಗೂ ಅವನಿಗೆ ಸಿಕ್ಕ ಅನುಭವಕ್ಕೂ ನಡುವಿನ ಅಂತರವೇ ಗುಣಮಟ್ಟದ ಅಳತೆ ಎನ್ನುವುದು ಅದರ ಮೂಲ ಕಲ್ಪನೆ. ಇದನ್ನು ಗ್ರಂಥಾಲಯಕ್ಕೆ ಒಗ್ಗಿಸಿ ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಸಂಶೋಧನಾ ಗ್ರಂಥಾಲಯಗಳ ಸಂಘ ಸೇರಿ ಲಿಬ್‌ಕ್ವಾಲ್ ಎಂಬ ಸಮೀಕ್ಷೆ ಸಿದ್ಧಪಡಿಸಿದವು. ಅದರಲ್ಲಿ ಓದುಗರು ಪ್ರತಿ ಅಂಶಕ್ಕೂ 1ರಿಂದ 9ರವರೆಗೆ ಮೂರು ಅಂಕ ಕೊಡುತ್ತಾರೆ: ಕನಿಷ್ಠ ಎಷ್ಟಿದ್ದರೆ ಸಾಕು, ಎಷ್ಟಿದ್ದರೆ ಚೆನ್ನ, ಈಗ ಎಷ್ಟಿದೆ. ಜಾಣತನದ ವಿಧಾನ ಇದು. ಭಾರತದ ವಿಶ್ವವಿದ್ಯಾಲಯ ಗ್ರಂಥಾಲಯಗಳ ಬಗ್ಗೆ ಬಂದಿರುವ ಅನೇಕ ಪಿಎಚ್‌ಡಿ ಪ್ರಬಂಧಗಳು ಇದರದೇ ಯಾವುದೋ ಒಂದು ರೂಪವನ್ನು ಬಳಸಿವೆ. ಆದರೆ ನಮ್ಮ ಸಂದರ್ಭಕ್ಕೆ ತಂದಾಗ ಇದರ ಎರಡು ದೋಷಗಳು ಎದ್ದು ಕಾಣುತ್ತವೆ. ಒಂದು, ನಿರೀಕ್ಷೆಯೇ ಕಡಿಮೆ ಇದ್ದರೆ ಅಂತರವೂ ಕಡಿಮೆಯಾಗುತ್ತದೆ. ಮನೆಯಿಂದಲೇ ಸಂಶೋಧನಾ ಲೇಖನ ತೆರೆಯಬಹುದು ಎಂಬುದನ್ನು ಎಂದೂ ಕಂಡಿರದ ವಿದ್ಯಾರ್ಥಿ ‘ಕನಿಷ್ಠ’ಕ್ಕೆ 3 ಕೊಟ್ಟು, ಗ್ರಂಥಾಲಯದ ನಾಲ್ಕು ಕಂಪ್ಯೂಟರ್ ನೋಡಿ ‘ಈಗ’ ಎಂಬಲ್ಲಿ 6 ಕೊಟ್ಟರೆ, ಲೆಕ್ಕದಲ್ಲಿ ಅದು ಉತ್ತಮ ಸೇವೆ ಆಗಿಬಿಡುತ್ತದೆ. ಎಲ್ಲಿ ಸೇವೆ ಬಡವಾಗಿರುತ್ತದೋ ಅಲ್ಲೇ ತೃಪ್ತಿ ಹೆಚ್ಚು ಕಾಣುವ ಅಳತೆಯನ್ನು ನೆಚ್ಚುವುದು ಕಷ್ಟ. ಎರಡನೆಯದು ಇನ್ನೂ ಗಂಭೀರ. ಪ್ರಶ್ನಾವಳಿಯನ್ನು ಸಾಮಾನ್ಯವಾಗಿ ಹಂಚುವುದು ಗ್ರಂಥಾಲಯಕ್ಕೆ ಬಂದವರಿಗೆ. ಲಾಗಿನ್ ಸಿಗದೆ ಹಿಂದಿರುಗಿದವರು, ಇಂಥದ್ದೊಂದು ಸೇವೆ ಇದೆ ಎಂದೇ ತಿಳಿಯದವರು ಆ ಕಾಗದವನ್ನು ನೋಡುವುದೇ ಇಲ್ಲ.

ಹಾಗಾದರೆ ಜನರನ್ನು ಕೇಳುವುದು ಬೇಡ, ಸರ್ವರ್‌ನ ದಾಖಲೆಯನ್ನೇ ನೋಡೋಣ ಎನ್ನುವವರಿದ್ದಾರೆ. ಪ್ರಕಾಶಕರು ಮತ್ತು ಗ್ರಂಥಾಲಯಗಳು ಸೇರಿ 2002ರಲ್ಲಿ ಕಟ್ಟಿದ ಕೌಂಟರ್ ಎಂಬ ಸಂಸ್ಥೆ ಈ ಲೆಕ್ಕಕ್ಕೆ ಶಿಸ್ತು ತಂದಿದೆ. ಒಂದೇ ಲೇಖನದ ಮೇಲೆ 30 ಸೆಕೆಂಡಿನೊಳಗೆ ಎರಡು ಬಾರಿ ಒತ್ತಿದರೆ ಅದನ್ನು ಒಂದೇ ಎಂದು ಎಣಿಸಬೇಕು ಎಂಬಷ್ಟು ಸೂಕ್ಷ್ಮದ ನಿಯಮಗಳಿವೆ. ಚಂದಾ ಇಲ್ಲದ ಕಾರಣಕ್ಕೆ ಎಷ್ಟು ಮಂದಿಗೆ ಬಾಗಿಲು ಮುಚ್ಚಿತು ಎಂಬ ಲೆಕ್ಕವೂ ಉಂಟು, ಮತ್ತು ನನ್ನ ಮಟ್ಟಿಗೆ ಇಡೀ ಕೌಂಟರ್ ವರದಿಯಲ್ಲಿ ಅತ್ಯಂತ ಬೆಲೆಬಾಳುವ ಸಾಲು ಅದೇ. ಆದರೂ ಡೌನ್‌ಲೋಡ್ ಸಂಖ್ಯೆ ಎರಡು ಬಗೆಯಲ್ಲಿ ದಾರಿ ತಪ್ಪಿಸುತ್ತದೆ. ವರ್ಷಕ್ಕೆ 10,000 ಡೌನ್‌ಲೋಡ್ ಎಂದರೆ ಸಾವಿರ ಮಂದಿ ಹತ್ತತ್ತು ಇಳಿಸಿಕೊಂಡದ್ದೂ ಆಗಬಹುದು, ಐವರು ಸಂಶೋಧಕರು ಎರಡೆರಡು ಸಾವಿರ ಇಳಿಸಿಕೊಂಡದ್ದೂ ಆಗಬಹುದು. ಹುಡುಕಾಟ ಕೆಟ್ಟದಾಗಿದ್ದರೆ ಡೌನ್‌ಲೋಡ್ ಹೆಚ್ಚುವುದೂ ಉಂಟು: ಬೇಕಾದದ್ದು ಯಾವುದೆಂದು ಹೊರಗಿನಿಂದ ತಿಳಿಯದಾಗ ಓದುಗರು ಹತ್ತು ಫೈಲ್ ತೆರೆದು ಒಂಬತ್ತನ್ನು ಬಿಸಾಡುತ್ತಾರೆ, ಸರ್ವರ್ ಹತ್ತನ್ನೂ ಬಳಕೆ ಎಂದೇ ಬರೆದುಕೊಳ್ಳುತ್ತದೆ. ಒಟ್ಟಿನಲ್ಲಿ ಒಳಗೆ ಬಂದವರ ಓಡಾಟ ಸರ್ವರ್‌ಗೆ ಗೊತ್ತು, ಬಾಗಿಲವರೆಗೂ ಬರದವರ ಸುದ್ದಿ ಅದಕ್ಕೆ ಗೊತ್ತಿಲ್ಲ.

ಇದಕ್ಕೆ ಒಂದು ಹಳೆಯ, ಆದರೆ ನಮ್ಮಲ್ಲಿ ಬಹುಮಟ್ಟಿಗೆ ಮರೆತುಹೋದ ಪರಿಹಾರವಿದೆ. ಅದನ್ನು ತೋರಿಸಿಕೊಟ್ಟವರು ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿದ್ದ ವಿಮಾನಶಾಸ್ತ್ರ ಕಾಲೇಜಿನ ಗ್ರಂಥಪಾಲಕ ಸಿರಿಲ್ ಕ್ಲೆವರ್ಡನ್. 1950ರ ದಶಕದ ಕೊನೆಯಲ್ಲಿ ದಾಖಲೆಗಳನ್ನು ಸೂಚೀಕರಿಸುವ ನಾಲ್ಕು ಪದ್ಧತಿಗಳ ನಡುವೆ ಯಾವುದು ಮೇಲು ಎಂಬ ಜಗಳ ನಡೆದಿತ್ತು. ಅವುಗಳಲ್ಲೊಂದು ವಿಷಯವನ್ನು ಮುಖಗಳಾಗಿ ಬಿಡಿಸುವ ವರ್ಗೀಕರಣ. ಅದರ ಬೇರು ಇದ್ದದ್ದು ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದು, ಕೊನೆಗೆ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ ಎಸ್.ಆರ್. ರಂಗನಾಥನ್ ಅವರ ಚಿಂತನೆಯಲ್ಲಿ. ಕ್ಲೆವರ್ಡನ್ ಜಗಳಕ್ಕೆ ಇಳಿಯಲಿಲ್ಲ. 18,000 ದಾಖಲೆಗಳನ್ನು ನಾಲ್ಕೂ ಪದ್ಧತಿಯಲ್ಲಿ ಸೂಚೀಕರಿಸಿ, 1,200 ಪ್ರಶ್ನೆಗಳನ್ನು ಹಿಡಿದು ಹುಡುಕಿಸಿದರು. ಪ್ರತಿ ಪ್ರಶ್ನೆಗೂ ಸಿಗಲೇಬೇಕಾದ ದಾಖಲೆ ಯಾವುದೆಂದು ಮೊದಲೇ ಗೊತ್ತಿತ್ತು. ಸಿಕ್ಕಿತೋ ಇಲ್ಲವೋ ಎಂದು ಎಣಿಸಿದರೆ ಆಯಿತು. ಬಂದ ಫಲಿತಾಂಶ ಪಂಡಿತರನ್ನು ಬೆಚ್ಚಿಬೀಳಿಸಿತು. ನಾಲ್ಕರ ನಡುವೆ ಅಂತರ ಹೆಚ್ಚಿರಲಿಲ್ಲ, ಇದ್ದ ಸ್ವಲ್ಪ ಅಂತರದಲ್ಲಿ ಸಾದಾ ಬಿಡಿ ಪದಗಳನ್ನು ಬಳಸುವ ಸರಳ ಪದ್ಧತಿ ಮುಂದಿತ್ತು. ಇದರಿಂದ ರಂಗನಾಥನ್ ಅವರ ಹಿರಿಮೆ ಕುಂದಲಿಲ್ಲ. ಓದುಗನ ಸಮಯ ಉಳಿಯಬೇಕು ಎಂಬ ಸೂತ್ರವನ್ನು 1931ರಲ್ಲೇ ಬರೆದಿಟ್ಟವರು ಅವರು. ಕ್ಲೆವರ್ಡನ್ ಮಾಡಿದ್ದು ಆ ಸೂತ್ರವನ್ನು ಪರೀಕ್ಷೆಗೆ ಒಡ್ಡುವ ಕೆಲಸ. ಬೇಕಾದ ದಾಖಲೆಗಳಲ್ಲಿ ಎಷ್ಟು ಪಾಲು ಸಿಕ್ಕಿತು, ಸಿಕ್ಕವುಗಳಲ್ಲಿ ಎಷ್ಟು ಪಾಲು ಬೇಕಾದದ್ದಾಗಿತ್ತು ಎಂಬ ಎರಡು ಅಳತೆಗಳು ಇಂದಿನ ಹುಡುಕು ಯಂತ್ರಗಳ ಪರೀಕ್ಷೆಯಲ್ಲೂ ಚಾಲ್ತಿಯಲ್ಲಿವೆ.

ಈ ವಿಧಾನವನ್ನು ಗದಗ ಜಿಲ್ಲೆಗೆ ತರುವುದಾದರೆ ಪ್ರಶ್ನೆ ಎಂಥದ್ದಿರಬೇಕು? ಅಲ್ಲಿನ ವಿದ್ಯಾರ್ಥಿ ನಿಜವಾಗಿ ಕೇಳುವಂಥದ್ದು. ಉದಾಹರಣೆಗೆ ಕಪ್ಪತಗುಡ್ಡವನ್ನೇ ತೆಗೆದುಕೊಳ್ಳೋಣ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಈ ಬೆಟ್ಟಸಾಲು ಔಷಧ ಸಸ್ಯಗಳಿಗೆ ಹೆಸರಾದದ್ದು, ಚಿನ್ನದ ಗಣಿಗಾರಿಕೆಯ ವಿರುದ್ಧ ದೊಡ್ಡ ಹೋರಾಟ ಕಂಡದ್ದು, 2019ರಲ್ಲಿ ವನ್ಯಜೀವಿ ಧಾಮವಾದದ್ದು. ಮುಂಡರಗಿಯ ಪದವಿ ಕಾಲೇಜಿನ ಸಸ್ಯಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ತನ್ನ ಕಿರು ಪ್ರಬಂಧಕ್ಕಾಗಿ ಕಪ್ಪತಗುಡ್ಡದ ಔಷಧ ಸಸ್ಯಗಳ ಬಗ್ಗೆ ಈವರೆಗೆ ಏನು ಸಂಶೋಧನೆ ನಡೆದಿದೆ ಎಂದು ತಿಳಿಯಬೇಕೆಂದುಕೊಳ್ಳಲಿ. ಅವಳ ಕೈಯಲ್ಲಿರುವುದು ಫೋನು, ಹೊತ್ತು ರಾತ್ರಿ. ಮೊದಲ ತಡೆ, ತನಗೆ ಎನ್-ಲಿಸ್ಟ್ ಎಂಬುದೊಂದು ಉಂಟು ಎಂದು ಅವಳಿಗೆ ಗೊತ್ತಿರಬೇಕು. ಎರಡನೆಯದು ಲಾಗಿನ್. ಎನ್-ಲಿಸ್ಟ್‌ನಲ್ಲಿ ವಿದ್ಯಾರ್ಥಿಯ ಹೆಸರನ್ನು ಕಾಲೇಜು ಸೇರಿಸಬೇಕು, ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಅವಳ ಇ-ಮೇಲ್‌ಗೆ ಬರಬೇಕು. ಆ ಇ-ಮೇಲ್ ಮೊಬೈಲ್ ಅಂಗಡಿಯವರು ಫೋನ್ ಕೊಳ್ಳುವಾಗ ಮಾಡಿಕೊಟ್ಟದ್ದಾಗಿದ್ದು, ಅದರ ಪಾಸ್‌ವರ್ಡ್ ಈಗ ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೆ ಲಕ್ಷಾಂತರ ಪುಸ್ತಕಗಳ ಸಂಗ್ರಹ ಅಲ್ಲಿಗೇ ಮುಗಿಯಿತು. ವಿಶ್ವವಿದ್ಯಾಲಯದ ಆವರಣದಲ್ಲಿ ಈ ತೊಂದರೆ ಇರುವುದಿಲ್ಲ. ಅಲ್ಲಿನ ಜಾಲದ ವಿಳಾಸವನ್ನು ನೋಡಿಯೇ ಪ್ರಕಾಶಕರ ಸರ್ವರ್ ಬಾಗಿಲು ತೆರೆಯುತ್ತದೆ. ಸೇವೆಯನ್ನು ಆವರಣದೊಳಗೆ ಕುಳಿತು ಪರೀಕ್ಷಿಸಿದವರಿಗೆ ಲಾಗಿನ್ ಒಂದು ಸಮಸ್ಯೆ ಎಂದು ತೋಚದಿರುವುದು ಇದೇ ಕಾರಣಕ್ಕೆ. ಗದಗಕ್ಕೆ ಬಸ್ ಹಿಡಿಯದೆ ಮುಂಡರಗಿಯಲ್ಲೇ ಕುಳಿತು ಪರೀಕ್ಷಿಸಿದರೆ ಮಾತ್ರ ಅದು ಕಾಣುತ್ತದೆ.

ಮೂರನೆಯ ತಡೆ ಹುಡುಕಾಟ, ಅದು ಅತಿ ಕುತೂಹಲದ್ದು. ಕಪ್ಪತಗುಡ್ಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ‘ಪಿ’ ಒಂದೋ ಎರಡೋ, ‘ಟಿ’ ಆದ ಮೇಲೆ ‘ಎಚ್’ ಬರುತ್ತದೋ ಇಲ್ಲವೋ, ನಡುವಿನ ‘ಎ’ ಉಳಿಯುತ್ತದೋ ಹೋಗುತ್ತದೋ ಎಂಬುದರ ಮೇಲೆ ಎಂಟು ರೂಪಗಳಾದರೂ ಹುಟ್ಟುತ್ತವೆ. ಬೆಟ್ಟಗಳು ಎಂಬ ಇಂಗ್ಲಿಷ್ ಪದವನ್ನು ಜೋಡಿಸಿ ಬರೆದವರದು ಬೇರೆಯೇ. ಯಾವ ಲೇಖಕರು ಯಾವ ರೂಪ ಬರೆದಿದ್ದಾರೋ ಆ ರೂಪದಲ್ಲಿ ಹುಡುಕಿದವರಿಗೆ ಮಾತ್ರ ಆ ಲೇಖನ ಸಿಗುತ್ತದೆ. ಊರುಗಳ ಹೆಸರಿನದೂ ಇದೇ ಕಥೆ. ಲಕ್ಷ್ಮೇಶ್ವರವನ್ನು ಕೆಲವರು ‘ಕೆಎಸ್‌ಎಚ್’ ಹಾಕಿ ಬರೆಯುತ್ತಾರೆ, ಕೆಲವರು ‘ಎಕ್ಸ್’ ಹಾಕಿ. ಶಾಸನಗಳ ಅಧ್ಯಯನದಲ್ಲಿ ಅದೇ ಊರು ಪುಲಿಗೆರೆ, ಹುಲಿಗೆರೆ, ಪುರಿಗೆರೆ. ಶಿರಹಟ್ಟಿ ಸ್ವಾತಂತ್ರ್ಯಕ್ಕೆ ಮುಂಚೆ ಸಾಂಗ್ಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದಲ್ಲಿ. ಗದಗ ಮಾತ್ರ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಹೀಗಾಗಿ ಪಕ್ಕಪಕ್ಕದ ಊರುಗಳ ಹಳೆಯ ದಾಖಲೆಗಳು ಬೇರೆ ಬೇರೆ ಆಡಳಿತದ ಹೆಸರಿನಡಿ, ಬೇರೆ ಬೇರೆ ಕಾಗುಣಿತದಲ್ಲಿ ಕುಳಿತಿವೆ. ಗದಗ ಜಿಲ್ಲೆ ಎಂಬುದು 1997ರ ಸೃಷ್ಟಿ. ಸ್ವಾತಂತ್ರ್ಯದ ನಂತರ ಅಲ್ಲಿಯವರೆಗಿನ ಸಂಶೋಧನೆಯಲ್ಲಿ ಇವೆಲ್ಲ ಧಾರವಾಡ ಜಿಲ್ಲೆ. ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು ಹುಡುಕು ಎಂದು ಪದವಿ ವಿದ್ಯಾರ್ಥಿನಿಗೆ ಹೇಳುವುದು ನ್ಯಾಯವಲ್ಲ. ಎಲ್ಲ ರೂಪಗಳನ್ನೂ ಒಂದೇ ಊರಿಗೆ ಕಟ್ಟಿಹಾಕುವುದು ಕ್ಯಾಟಲಾಗಿನ ಕೆಲಸ. ಇದು ಆಗದ ಕೆಲಸವೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂಚೂಣಿಯಲ್ಲಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಸಾವಿರಾರು ಕನ್ನಡ ಪುಸ್ತಕಗಳು ಸ್ಕ್ಯಾನ್ ಆಗಿದ್ದರೂ ಅವುಗಳ ಹೆಸರು ಅಡ್ಡಾದಿಡ್ಡಿ ಇಂಗ್ಲಿಷ್ ಕಾಗುಣಿತದಲ್ಲಿತ್ತು, ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ‘ಸಂಚಯ’ ಎಂಬ ತಂಡದ ಗೆಳೆಯರು ಸ್ವಯಂಸೇವಕರನ್ನು ಸೇರಿಸಿ ಆ ಹೆಸರುಗಳನ್ನು ಕನ್ನಡಕ್ಕೆ ತಂದು, ಹುಡುಕಬಲ್ಲ ಪಟ್ಟಿ ಮಾಡಿದರು. ಅವರು ಹೊಸ ಪುಸ್ತಕ ಒಂದನ್ನೂ ಸೇರಿಸಲಿಲ್ಲ, ಆದರೂ ಕನ್ನಡ ಓದುಗರ ಪಾಲಿಗೆ ಗ್ರಂಥಾಲಯ ಹಲವು ಪಟ್ಟು ದೊಡ್ಡದಾಯಿತು. ದಾಸ್ತಾನಿನ ಲೆಕ್ಕ ಈ ಬದಲಾವಣೆಯನ್ನು ಸೊನ್ನೆ ಎಂದು ತೋರಿಸುತ್ತದೆ.

ನಾಲ್ಕನೆಯ ತಡೆ ಫೈಲಿನೊಳಗೇ ಇದೆ. ಯುಜಿಸಿ 2009ರಲ್ಲಿ ತಂದ ನಿಯಮದಂತೆ ಪಿಎಚ್‌ಡಿ ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಭಂಡಾರವನ್ನು ಸೇರಬೇಕು. ಯಾರು ಬೇಕಾದರೂ ಲಾಗಿನ್ ಇಲ್ಲದೆ ಓದಬಹುದಾದ ಈ ಭಂಡಾರ ನಮ್ಮ ಉನ್ನತ ಶಿಕ್ಷಣ ಮಾಡಿದ ಒಳ್ಳೆಯ ಕೆಲಸಗಳಲ್ಲೊಂದು. ಆದರೆ ಅಲ್ಲಿ ಒಂದು ಪ್ರಬಂಧವನ್ನು ಸಾಮಾನ್ಯವಾಗಿ ಅಧ್ಯಾಯಕ್ಕೊಂದರಂತೆ ಹತ್ತು-ಹದಿನೈದು ಪಿಡಿಎಫ್ ಮಾಡಿ ಇಟ್ಟಿರುತ್ತಾರೆ, ಫೈಲಿನ ಹೆಸರು ‘ಅಧ್ಯಾಯ 3’ ಎಂಬಷ್ಟೇ. ಕಪ್ಪತಗುಡ್ಡದ ವಿಷಯ ಯಾವುದರಲ್ಲಿದೆ ಎಂದು ತಿಳಿಯಲು ಫೋನಿನಲ್ಲಿ ಒಂದೊಂದನ್ನೇ ತೆರೆಯಬೇಕು. ಪ್ರಬಂಧ ಕನ್ನಡದಲ್ಲಿದ್ದರೆ ಇನ್ನೊಂದು ಸಮಸ್ಯೆ. ನುಡಿಯಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಪಠ್ಯವನ್ನು ಕಂಪ್ಯೂಟರ್ ಕನ್ನಡ ಎಂದು ತಿಳಿದುಕೊಳ್ಳುವುದಿಲ್ಲ. ಲ್ಯಾಟಿನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್‌ಗಳು ಅವು. ಕಣ್ಣಿಗೆ ‘ಕಪ್ಪತಗುಡ್ಡ’ ಎಂದು ಸ್ವಚ್ಛವಾಗಿ ಕಾಣುತ್ತದೆ. ಅದನ್ನೇ ನಕಲಿಸಿ ಬೇರೆಡೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಯೆನ್ ನಾಣ್ಯದ ಚಿಹ್ನೆ, ಮೇಲೆ ಗೀಟು ಬಿದ್ದ ‘ಎ’ಗಳ ಕಲಸುಮೇಲೋಗರ ಬರುತ್ತದೆ. ಯಂತ್ರದೊಳಗೆ ಇರುವುದು ಈ ಕಲಸುಮೇಲೋಗರವೇ. ಆದ್ದರಿಂದ ಯೂನಿಕೋಡ್ ಕನ್ನಡದಲ್ಲಿ ಹುಡುಕಿದವರಿಗೆ ಆ ಪುಟ ಸಿಗುವುದಿಲ್ಲ. ಗದಗದಲ್ಲಿ ಈ ಮಾತಿಗೆ ಬೇರೆಯೇ ತೂಕವಿದೆ. ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮದಿಂದಾಗಿ ಅಂಧ ವಿದ್ಯಾರ್ಥಿಗಳು ದೂರದೂರದಿಂದ ಬಂದು ಕಲಿತ ಊರು ಇದು. ಕಂಪ್ಯೂಟರ್ ಪಠ್ಯವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇಂದು ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಹಳೆಯ ಫಾಂಟಿನ ಪಿಡಿಎಫ್ ಎದುರಾದರೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಉಚ್ಚರಿಸುತ್ತದೆ, ಬರೀ ಚಿತ್ರವಾಗಿ ಸ್ಕ್ಯಾನ್ ಆದ ಪುಟ ಬಂದರೆ ಸುಮ್ಮನಾಗುತ್ತದೆ. ಮುದ್ರಿತ ಪುಸ್ತಕ ಓದಲಾಗದವರಿಗಾಗಿ ಓದಬಲ್ಲ ಪ್ರತಿ ಮಾಡಿಕೊಡುವುದನ್ನು 2012ರ ತಿದ್ದುಪಡಿಯ ನಂತರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆ ಅನುಮತಿಸಿದೆ. ಇದೇ ಉದ್ದೇಶದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಸ್ಥಿರೀಕರಿಸಿದ ಮೊದಲ ದೇಶವೂ ಭಾರತವೇ. ಕಾನೂನಿನ ಅಡ್ಡಿಯಿಲ್ಲದ ಕಡೆ ಉಳಿದಿರುವುದು ಕೆಲಸ ಮಾಡುವ ಮನಸ್ಸಿನ ಪ್ರಶ್ನೆ.

ಐದನೆಯ ತಡೆಯನ್ನು ಬೇಗ ಹೇಳಿ ಮುಗಿಸಬಹುದು: ಸಿಕ್ಕ ಲೇಖನ ಅವಳಿಗೆ ಅರ್ಥವಾಗಬೇಕು. ಈಗ ಈ ಐದನ್ನೂ ಲೆಕ್ಕಕ್ಕೆ ಇಳಿಸೋಣ. ಪ್ರತಿ ತಡೆಯನ್ನೂ ನೂರಕ್ಕೆ 90 ಮಂದಿ ದಾಟುತ್ತಾರೆ ಎಂದು ಇಟ್ಟುಕೊಂಡರೆ, ಬಿಡಿಬಿಡಿಯಾಗಿ ನೋಡಿದವರಿಗೆ ಎಲ್ಲವೂ ಉತ್ತಮ. ಆದರೆ ಐದು ತಡೆ ದಾಟುವ ಹೊತ್ತಿಗೆ ಉಳಿಯುವವರು 59. ಪ್ರತಿ ಹಂತದಲ್ಲಿ 80 ಮಂದಿಯಾದರೆ ಕೊನೆಗೆ 33. ನಾಲ್ಕು ಹಂತ 90ರಲ್ಲಿದ್ದು ಲಾಗಿನ್ ಒಂದು 30ರಲ್ಲಿದ್ದರೆ ಕೊನೆ ಮುಟ್ಟುವವರು 20. ಇಂಥ ಕಡೆ ಇನ್ನಷ್ಟು ಜರ್ನಲ್ ಕೊಂಡು, ಹುಡುಕಾಟವನ್ನೂ ಸುಧಾರಿಸಿ, ಉಳಿದ ನಾಲ್ಕೂ ಹಂತಗಳನ್ನು ಪೂರ್ತಿ 100ಕ್ಕೆ ಏರಿಸಿದರೂ ಕೊನೆಗೆ ಸಿಗುವುದು 30. ಏನನ್ನೂ ಕೊಳ್ಳದೆ ಲಾಗಿನ್ ಒಂದನ್ನೇ 60ಕ್ಕೆ ಏರಿಸಿದರೆ 39. ದುಡ್ಡನ್ನು ಎಲ್ಲಿ ಹಾಕಬೇಕು ಎಂದು ತಿಳಿಯಲು ದಾರಿ ಮುರಿದದ್ದು ಎಲ್ಲಿ ಎಂದು ತಿಳಿದಿರಬೇಕು ಎನ್ನುವುದಕ್ಕೆ ಈ ಗುಣಾಕಾರವೇ ಸಾಕ್ಷಿ. ಗಣಿತ ಬಲ್ಲವರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು, ಅದು ಸರಿಯಾದದ್ದೂ ಹೌದು. ಹೀಗೆ ಗುಣಿಸಬೇಕಾದರೆ ಒಂದು ಹಂತದ ಸೋಲಿಗೂ ಇನ್ನೊಂದರ ಸೋಲಿಗೂ ಸಂಬಂಧ ಇರಬಾರದು. ವಾಸ್ತವದಲ್ಲಿ ಲಾಗಿನ್‌ನಲ್ಲಿ ತಡವರಿಸುವವರೇ ಹುಡುಕಾಟದಲ್ಲೂ ತಡವರಿಸುತ್ತಾರೆ. ಹಾಗಿದ್ದರೆ ಕೊನೆ ಮುಟ್ಟುವವರ ಸಂಖ್ಯೆ 59ಕ್ಕಿಂತ ಹೆಚ್ಚೇ ಇರುತ್ತದೆ. ಆದರೆ ಇದು ಸಮಾಧಾನದ ಸುದ್ದಿಯಲ್ಲ. ಸೋಲುಗಳು ಒಂದೇ ಗುಂಪಿನ ಮೇಲೆ ಬೀಳುತ್ತಿವೆ ಎಂದು ಅದರ ಅರ್ಥ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು, ಕಣ್ಣು ಕಾಣದವರು ಪ್ರತಿ ಹಂತದಲ್ಲೂ ಹೊರಗುಳಿಯುತ್ತಾರೆ, ಉಳಿದವರು ಪ್ರತಿ ಹಂತವನ್ನೂ ಸಲೀಸಾಗಿ ದಾಟುತ್ತಾರೆ. ಸರಾಸರಿ ಎಷ್ಟೇ ಚೆನ್ನಾಗಿದ್ದರೂ ಆ ಗುಂಪಿನ ಮಟ್ಟಿಗೆ ಸೇವೆಯೇ ಇಲ್ಲ. ಆದ್ದರಿಂದ ಪರೀಕ್ಷೆಯ ಫಲಿತಾಂಶವನ್ನು ಒಟ್ಟಾಗಿ ಕೊಡದೆ ಗುಂಪುವಾರು ಕೊಡಬೇಕು.

ಇದೆಲ್ಲ ದೊಡ್ಡ ವಿಶ್ವವಿದ್ಯಾಲಯಗಳಿಗೆ ಸರಿ, ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿರುವ ಒಬ್ಬರೇ ಒಬ್ಬ ಗ್ರಂಥಪಾಲಕರಿಂದ ಆಗುವ ಮಾತೇ ಎಂದು ಕೇಳುವವರಿರಬಹುದು. ಪುಸ್ತಕ ಕೊಡುವುದು, ಪಡೆಯುವುದು, ನ್ಯಾಕ್ ಕಡತ, ಪರೀಕ್ಷಾ ಕೆಲಸ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುವ ಕಡೆ ಈ ಮಾತಿಗೆ ಬೆಲೆ ಇದೆ. ಆದರೆ ಪ್ರಶ್ನೆ ಹಿಡಿದು ಪರೀಕ್ಷಿಸುವುದು ನೂರಾರು ಪ್ರಶ್ನಾವಳಿ ಹಂಚಿ, ತುಂಬಿಸಿಕೊಂಡು, ಪ್ರತಿಶತ ತೆಗೆಯುವುದಕ್ಕಿಂತ ಕಡಿಮೆ ಶ್ರಮದ್ದು. ಬೇರೆ ಬೇರೆ ವಿಭಾಗದ ವಿದ್ಯಾರ್ಥಿಗಳಿಂದಲೇ 20 ನಿಜವಾದ ಪ್ರಶ್ನೆ ಸಂಗ್ರಹಿಸಿ, ಅವರನ್ನೇ ಅವರ ಫೋನಿನಲ್ಲಿ, ಕಾಲೇಜಿನ ವೈಫೈ ಬಿಟ್ಟು ಹುಡುಕಲು ಹೇಳಿ, ಎಲ್ಲಿ ನಿಂತರು ಎಂದು ಬರೆದುಕೊಂಡರೆ ಆಯಿತು. 20 ಪ್ರಶ್ನೆಯಿಂದ ಏನು ಗೊತ್ತಾಗುತ್ತದೆ ಎಂದರೆ, ಅಂಕಿಯ ದೃಷ್ಟಿಯಿಂದ ಹೆಚ್ಚಿಲ್ಲ. 12 ಪ್ರಶ್ನೆಗೆ ಉತ್ತರ ಸಿಕ್ಕರೆ ಯಶಸ್ಸು ನೂರಕ್ಕೆ 60 ಎನ್ನಬಹುದು, ಆದರೆ ಇಷ್ಟು ಸಣ್ಣ ಮಾದರಿಯಲ್ಲಿ ನಿಜವಾದ ಬೆಲೆ ಸುಮಾರು 40ರಿಂದ 80ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ನೂರು ಪ್ರಶ್ನೆ ಹಿಡಿದರೆ ಆ ಅಂತರ 50ರಿಂದ 70ಕ್ಕೆ ಇಳಿಯುತ್ತದೆ. ಹೀಗಾಗಿ ಎರಡು ಕಾಲೇಜುಗಳನ್ನು ಹೋಲಿಸಿ ಅಂಕ ಕೊಡಲು 20 ಪ್ರಶ್ನೆ ಸಾಲದು. ಆದರೆ ಸೋತ ಎಂಟರಲ್ಲಿ ಆರು ಲಾಗಿನ್‌ನಲ್ಲೇ ನಿಂತಿದ್ದರೆ, ಮುಂದಿನ ವಾರ ಏನು ಮಾಡಬೇಕು ಎಂದು ತಿಳಿಯಲು ಅದಕ್ಕಿಂತ ದೊಡ್ಡ ಮಾದರಿ ಬೇಕಿಲ್ಲ. ಪದವಿ ವಿದ್ಯಾರ್ಥಿಗಳಿಗೆ ಜರ್ನಲ್ ಎಲ್ಲಿ ಬೇಕು, ಪಠ್ಯಪುಸ್ತಕ ಸಿಕ್ಕರೆ ಸಾಕು ಎನ್ನುವುದೂ ಒಂದು ವಾದ. ಹಾಗಾದರೆ ಅವರ 20 ಪ್ರಶ್ನೆಗಳಲ್ಲಿ ಹೆಚ್ಚಿನವು ಪಠ್ಯಪುಸ್ತಕದವೇ ಆಗಿರುತ್ತವೆ, ಆ ಕಡೆ ಸಂಗ್ರಹ ಎಷ್ಟು ಬರಿದಾಗಿದೆ ಎಂಬುದನ್ನೂ ಅದೇ ಪರೀಕ್ಷೆ ತೋರಿಸುತ್ತದೆ. ವಿಶೇಷವಾಗಿ ಕನ್ನಡ ಮಾಧ್ಯಮದ ಬಿ.ಎ. ವಿದ್ಯಾರ್ಥಿಗೆ, ಬಹುಪಾಲು ಇಂಗ್ಲಿಷ್‌ನಲ್ಲೇ ಇರುವ ಈ ಭಂಡಾರಗಳಲ್ಲಿ ತನ್ನ ಓದಿಗೆ ಒದಗುವುದು ಎಷ್ಟು ಎಂಬುದು ಯಾರಾದರೂ ಕೇಳಲೇಬೇಕಾದ ಪ್ರಶ್ನೆ.

ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಬರುವ ಆಕ್ಷೇಪ, ಈಗ ಯಾರು ಗ್ರಂಥಾಲಯದ ಮೂಲಕ ಹುಡುಕುತ್ತಾರೆ ಎನ್ನುವುದು. ಗೂಗಲ್ ಇದೆ, ವಾಟ್ಸ್‌ಆ್ಯಪ್‌ನಲ್ಲಿ ನೋಟ್ಸ್ ಓಡಾಡುತ್ತವೆ, ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ. ಇದು ನಿಜ, ಮತ್ತು ವಿದ್ಯಾರ್ಥಿಗಳು ಅತ್ತ ಹೋಗುವುದು ಸೋಮಾರಿತನದಿಂದಲ್ಲ. ಆ ದಾರಿಯಲ್ಲಿ ತಡೆಗಳು ಕಡಿಮೆ. ಗ್ರಂಥಾಲಯ ಅವರಿಂದ ಕಲಿಯಬೇಕಾದದ್ದು ಅದನ್ನೇ. ಆದರೆ ಆ ದಾರಿಯ ಕೊನೆಯಲ್ಲಿ ಸಿಗುವುದು ಏನು ಎಂದು ನೋಡಿದಾಗ ಗ್ರಂಥಾಲಯದ ಅಗತ್ಯ ಮತ್ತೆ ಎದುರಾಗುತ್ತದೆ. ಗೂಗಲ್ ತೋರಿಸುವ ಸಂಶೋಧನಾ ಲೇಖನಗಳಲ್ಲಿ ಬಹಳಷ್ಟು ಚಂದಾ ಇಲ್ಲದೆ ತೆರೆಯುವುದಿಲ್ಲ. ಕೃತಕ ಬುದ್ಧಿಮತ್ತೆಯ ಯಂತ್ರಗಳು ಇಲ್ಲದ ಲೇಖನವನ್ನು ಇದೆಯೆಂದು, ಬರೆಯದ ಲೇಖಕರ ಹೆಸರನ್ನು ಬರೆದರೆಂದು ತೋರಿಸಿದ ನಿದರ್ಶನಗಳು ಜಗತ್ತಿನೆಲ್ಲೆಡೆ ದಾಖಲಾಗಿವೆ. ಕಪ್ಪತಗುಡ್ಡದಂಥ, ಬರವಣಿಗೆ ಕಡಿಮೆ ಇರುವ ಸ್ಥಳೀಯ ವಿಷಯದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಒಂದು ಸಸ್ಯವನ್ನು ಔಷಧವೆಂದು ಹೇಳುವ ವಾಕ್ಯಕ್ಕೆ ಮೂಲ ಯಾವುದು ಎಂಬುದು ಅಲ್ಲಿ ಆರೋಗ್ಯದ ಪ್ರಶ್ನೆಯೂ ಹೌದು. ಈ ಮಾತು ಎಲ್ಲಿಂದ ಬಂತು, ಮೂಲವನ್ನು ತೆಗೆದು ತೋರಿಸು ಎಂದಾಗ ತೋರಿಸಬಲ್ಲದ್ದು ಗ್ರಂಥಾಲಯ. ಹಾಗಾಗಿ ಪರೀಕ್ಷೆಯಲ್ಲಿ ಇನ್ನೊಂದು ಬಗೆಯ ಪ್ರಶ್ನೆಯೂ ಇರಲಿ: ಯಂತ್ರ ಕೊಟ್ಟ ಒಂದು ಉತ್ತರವನ್ನು ವಿದ್ಯಾರ್ಥಿಯ ಕೈಗಿತ್ತು, ಇದರ ಮೂಲವನ್ನು ನಿಮ್ಮ ಗ್ರಂಥಾಲಯದಲ್ಲಿ ಹುಡುಕಿ ತೆಗೆಯಿರಿ ಎಂದು ಕೇಳಬೇಕು.

ಸಂಗ್ರಹವೇ ಇಲ್ಲದೆ ದಾರಿ ಮಾತ್ರ ಚೆನ್ನಾಗಿದ್ದರೆ ಏನು ಬಂತು ಎಂದರೆ, ಸಂಗ್ರಹ ಬೇಡ ಎಂದು ಇಲ್ಲಿ ಯಾರೂ ವಾದಿಸುತ್ತಿಲ್ಲ. ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಈ ಹಂತದಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಆಡಳಿತದಲ್ಲಿರುವ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ ಸೀಮಿತ. ಉತ್ತರ ಕರ್ನಾಟಕದಲ್ಲಿ ಕಾಲೇಜು ಶಿಕ್ಷಣವನ್ನು ಹಳ್ಳಿಗಳ ಹತ್ತಿರಕ್ಕೆ ತಂದವುಗಳಲ್ಲಿ ಮಠಗಳು ಮತ್ತು ಖಾಸಗಿ ಶಿಕ್ಷಣ ಸಂಘಗಳ ಪಾಲು ದೊಡ್ಡದು. ಆ ಕಾಲೇಜುಗಳ ವಿದ್ಯಾರ್ಥಿಗಳು ಸದ್ಯ ಇದರ ಹೊರಗಿದ್ದಾರೆ. ಸಂಗ್ರಹದ ಈ ಅಸಮಾನತೆಯನ್ನು ತೋರಿಸಲೂ ಪ್ರಶ್ನೆ ಹಿಡಿದ ಪರೀಕ್ಷೆಯೇ ನೇರವಾದ ದಾರಿ, ಏಕೆಂದರೆ ಒಂದೇ ಪ್ರಶ್ನೆಯನ್ನು ಸರ್ಕಾರಿ ಕಾಲೇಜಿನ ಲಾಗಿನ್‌ನಲ್ಲೂ ಅನುದಾನಿತ ಕಾಲೇಜಿನ ಲಾಗಿನ್‌ನಲ್ಲೂ ನಡೆಸಿ ನೋಡಬಹುದು. ಯೋಜನೆಗೆ ಮಂಜೂರಾದ ಅವಧಿ 2027ರ ಕೊನೆಗೆ ಮುಗಿಯುತ್ತದೆ. ಯಾವುದನ್ನು ಮುಂದುವರಿಸಬೇಕು, ಯಾರನ್ನು ಸೇರಿಸಬೇಕು ಎಂಬ ಚರ್ಚೆ ಅದಕ್ಕೂ ಮುಂಚೆಯೇ ನಡೆಯಬೇಕಾಗುತ್ತದೆ. ಆ ಚರ್ಚೆಯ ಮೇಜಿನ ಮೇಲೆ ಪ್ರಕಾಶಕರ ಡೌನ್‌ಲೋಡ್ ವರದಿ ಖಂಡಿತ ಇರುತ್ತದೆ. ಜೊತೆಗೆ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಾಲೇಜುಗಳಿಂದ ಹೋದ, ಇಂಥ ಪ್ರಶ್ನೆ ಇಂಥ ಕಡೆ ನಿಂತಿತು ಎಂದು ದಿನಾಂಕ ಹಾಕಿ ಬರೆದ ನಾಲ್ಕು ಹಾಳೆಗಳೂ ಅಲ್ಲಿರಬೇಕು, ಮತ್ತು ಅವನ್ನು ಬರೆಯಲು ಈ ವರ್ಷವೇ ಕುಳಿತುಕೊಳ್ಳಬೇಕು.